ಕೆಲಸದ ವೇಳೆ ಮತ್ತು ಸ್ಥಳದಲ್ಲಿ ಹೊಂದಾಣಿಕೆ: ನುರಿತ ನೌಕರರನ್ನು ಉಳಿಸಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಐದಾರು ವರ್ಷ ಚೆನ್ನಾಗಿ ಕೆಲಸ ಮಾಡಿದ ನೌಕರರೊಬ್ಬರು ರಾಜೀನಾಮೆ ಪತ್ರ ಕೊಟ್ಟ ದಿನ, ಮ್ಯಾನೇಜರ್ ಅವರನ್ನು ಕೂರಿಸಿಕೊಂಡು ಸಂಬಳ ಹೆಚ್ಚಿಸುವುದಾಗಿಯೂ ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡಬಹುದೆಂದೂ ಭರವಸೆ ಕೊಡುವುದು ಅನೇಕ ಕಚೇರಿಗಳಲ್ಲಿ ಕಾಣುವ ದೃಶ್ಯ. ಅದೇ ನೌಕರರು ಆರು ತಿಂಗಳ ಹಿಂದೆ ಒಂದು ಗಂಟೆ ತಡವಾಗಿ ಬಂದು ಒಂದು ಗಂಟೆ ತಡವಾಗಿ ಹೋಗಲು ಅನುಮತಿ ಕೇಳಿದ್ದಾಗ, "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂಬ ಉತ್ತರ ಸಿಕ್ಕಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಕ್ರಮದಿಂದ ಯಾರೂ ಉಳಿಯುವುದಿಲ್ಲ; ಉಳಿದರೂ, ರಾಜೀನಾಮೆ ಕೊಟ್ಟರೆ ಮಾತ್ರ ಇಲ್ಲಿ ಮಾತು ನಡೆಯುತ್ತದೆ ಎಂಬ ಪಾಠವನ್ನು ಇಡೀ ಟೀಮ್ ಕಲಿತುಬಿಡುತ್ತದೆ.

ಹೊಂದಾಣಿಕೆಯ ಕೆಲಸದ ವ್ಯವಸ್ಥೆಯನ್ನು, ಅಂದರೆ ಕೆಲಸದ ವೇಳೆ, ಸ್ಥಳ ಅಥವಾ ಒಟ್ಟು ಗಂಟೆಗಳನ್ನು ನೌಕರರ ಬದುಕಿಗೂ ಸಂಸ್ಥೆಯ ಅಗತ್ಯಕ್ಕೂ ಹೊಂದುವಂತೆ ಬದಲಿಸಿಕೊಳ್ಳುವ ಏರ್ಪಾಡನ್ನು, ಮೇಲಧಿಕಾರಿಯ ಕೃಪೆಯ ಮಟ್ಟದಿಂದ ಸಂಸ್ಥೆಯ ಲಿಖಿತ ನಿಯಮದ ಮಟ್ಟಕ್ಕೆ ತರುವ ಬಗೆ ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಇಪ್ಪತ್ತು ಜನರ ಸಂಸ್ಥೆಗೂ ಎರಡು ಸಾವಿರ ಜನರ ಸಂಸ್ಥೆಗೂ ಹಂತಗಳು ಇವೇ. ವ್ಯತ್ಯಾಸವಾಗುವುದು ಕಾಗದಪತ್ರಗಳ ಗಾತ್ರ ಮಾತ್ರ.

ಮೊದಲ ಹಂತ: ಯಾರು ಹೋಗುತ್ತಿದ್ದಾರೆ, ಏಕೆ ಎಂಬುದನ್ನು ತಿಳಿಯುವುದು

ವಾರಕ್ಕೆ ಎಷ್ಟು ದಿನ ಮನೆಯಿಂದ ಕೆಲಸ ಎಂಬ ಚರ್ಚೆಯಿಂದ ಆರಂಭಿಸುವ ಸಂಸ್ಥೆಗಳು ಸಾಮಾನ್ಯವಾಗಿ ಎಡವುತ್ತವೆ. ಮೊದಲು ಅಂಕಿಗಳನ್ನು ನೋಡಬೇಕು. ಒಂದು ವರ್ಷದಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಟ್ರಿಷನ್ ದರ ಸಿಗುತ್ತದೆ. ಸರಾಸರಿ 80 ಜನರಿದ್ದು 12 ಮಂದಿ ಹೋಗಿದ್ದರೆ ಅದು ಶೇ 15. ಆದರೆ ಈ ಒಟ್ಟು ಅಂಕಿಯಿಂದ ಹೆಚ್ಚೇನೂ ತಿಳಿಯದು. ಹೋದ ಹನ್ನೆರಡು ಮಂದಿಯನ್ನು ಸೇವಾವಧಿ, ಟೀಮ್, ಶಿಫ್ಟ್, ಮನೆಯಿಂದ ಕಚೇರಿಗಿರುವ ದೂರ, ಹೆರಿಗೆ ರಜೆಯಂಥ ದೀರ್ಘ ರಜೆಯಿಂದ ಮರಳಿದ ಬಳಿಕ ಕಳೆದ ಕಾಲ ಇವುಗಳ ಪ್ರಕಾರ ಬಿಡಿಸಿ ನೋಡಿದಾಗ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ. ಹನ್ನೆರಡರಲ್ಲಿ ಏಳು ಮಂದಿ ಒಂದೇ ಶಿಫ್ಟಿನವರಾಗಿದ್ದರೆ ಸಮಸ್ಯೆ ವೇಳೆಯಲ್ಲಿದೆ. ಏಳು ಮಂದಿಯೂ ಒಬ್ಬನೇ ಮ್ಯಾನೇಜರ್ ಕೆಳಗಿದ್ದವರಾದರೆ ಸಮಸ್ಯೆ ಬೇರೆಡೆ ಇದೆ.

ಹೋಗುವವರೊಡನೆ ನಡೆಸುವ ಎಕ್ಸಿಟ್ ಇಂಟರ್‌ವ್ಯೂಗಳನ್ನು ಅತಿಯಾಗಿ ನಂಬಬಾರದು. ಅನುಭವ ಪತ್ರ, ಬಾಕಿ ಹಣ, ಮುಂದೆಂದೋ ಬೇಕಾಗುವ ಶಿಫಾರಸು ಇವೆಲ್ಲ ಸಂಸ್ಥೆಯ ಕೈಯಲ್ಲಿರುವಾಗ, ಹೋಗುವವರು "ಇನ್ನೂ ಒಳ್ಳೆಯ ಅವಕಾಶ ಸಿಕ್ಕಿತು" ಎಂದಷ್ಟೇ ಹೇಳಿ ಕೈಮುಗಿಯುತ್ತಾರೆ. ಅದಕ್ಕಿಂತ ಉಪಯುಕ್ತವಾದುದು ಇನ್ನೂ ಉಳಿದಿರುವವರೊಡನೆ ಅರ್ಧ ಗಂಟೆಯ ಮಾತುಕತೆ. ಅವರ ನೇರ ಮೇಲಧಿಕಾರಿಯಲ್ಲದ ಒಬ್ಬರು ಇದನ್ನು ನಡೆಸಬೇಕು. ಮೂರು ಪ್ರಶ್ನೆಗಳು ಸಾಕು: ಕಳೆದ ಮೂರು ತಿಂಗಳಲ್ಲಿ ಕೆಲಸ ಬಿಡುವ ಯೋಚನೆ ಬಂದ ದಿನ ಯಾವುದಾದರೂ ಇತ್ತೇ, ಆ ದಿನ ಏನಾಗಿತ್ತು? ವಾರದ ಯಾವ ಗಂಟೆಗಳಲ್ಲಿ ಕೆಲಸವೂ ಮನೆಯೂ ಒಂದಕ್ಕೊಂದು ಅಡ್ಡ ಬರುತ್ತವೆ? ಒಂದೇ ಒಂದು ಬದಲಾವಣೆ ಮಾಡಬಹುದಾದರೆ ಯಾವುದನ್ನು ಕೇಳುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು ಬಹಳ ಸಲ ಸಣ್ಣವಾಗಿರುತ್ತವೆ: ಸಂಜೆ ಐದರ ಬಳಿಕ ಮೀಟಿಂಗ್ ಬೇಡ, ರೋಸ್ಟರ್ (ಯಾರಿಗೆ ಯಾವ ಶಿಫ್ಟ್ ಎಂಬ ಪಟ್ಟಿ) ಮುಂಚಿತವಾಗಿ ತಿಳಿಸಿ, ವಾರಕ್ಕೊಂದು ದಿನ ಬೇಗ ಹೊರಡಲು ಬಿಡಿ.

ಈ ಹಂತದಲ್ಲಿ ಪ್ರಾಮಾಣಿಕತೆ ಬೇಕು. ಜನ ಹೋಗುತ್ತಿರುವುದು ಕಡಿಮೆ ಸಂಬಳಕ್ಕಾಗಿಯೋ ಅವಮಾನಕರ ಮಾತುಗಳಿಗಾಗಿಯೋ ಆಗಿದ್ದರೆ, ಮುಂದಿನ ಹಂತಗಳನ್ನು ಎಷ್ಟು ಅಚ್ಚುಕಟ್ಟಾಗಿ ಪಾಲಿಸಿದರೂ ಫಲ ಸಿಗದು.

ಎರಡನೆಯ ಹಂತ: ಹುದ್ದೆಯನ್ನಲ್ಲ, ಕೆಲಸವನ್ನು ಬಿಡಿಸಿ ನೋಡುವುದು

"ಈ ಹುದ್ದೆಗೆ ಮನೆಯಿಂದ ಕೆಲಸ ಸಾಧ್ಯವಿಲ್ಲ" ಎಂಬ ವಾಕ್ಯ ಅರ್ಧ ಸತ್ಯ. ಹುದ್ದೆ ಎಂಬುದು ಹತ್ತು ಹನ್ನೆರಡು ಬಗೆಯ ಕೆಲಸಗಳ ಗಂಟು. ಆ ಗಂಟಿನಲ್ಲಿ ಕೆಲವು ಸ್ಥಳಕ್ಕೆ ಕಟ್ಟುಬಿದ್ದಿರುತ್ತವೆ, ಕೆಲವು ವೇಳೆಗೆ ಕಟ್ಟುಬಿದ್ದಿರುತ್ತವೆ, ಉಳಿದವು ಎರಡಕ್ಕೂ ಕಟ್ಟುಬಿದ್ದಿರುವುದಿಲ್ಲ. ಆದ್ದರಿಂದ ಪ್ರತಿ ಟೀಮಿನವರೂ ಎರಡು ವಾರ ತಾವು ಮಾಡುವ ಕೆಲಸಗಳನ್ನು ಬರೆದಿಟ್ಟು, ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಇದನ್ನು ನಿರ್ದಿಷ್ಟ ಜಾಗದಲ್ಲೇ ಮಾಡಬೇಕೇ? ನಿರ್ದಿಷ್ಟ ಗಂಟೆಯಲ್ಲೇ ಮಾಡಬೇಕೇ? ಮಾಡುವಾಗ ಇನ್ನೊಬ್ಬರು ಜೊತೆಗಿರಲೇಬೇಕೇ?

ಲೆಕ್ಕಪತ್ರ ವಿಭಾಗದವರ ಪಟ್ಟಿಯಲ್ಲಿ ಬಿಲ್ ಪರಿಶೀಲನೆ ಎಲ್ಲಿಂದಲಾದರೂ ಆಗುತ್ತದೆ, ತಿಂಗಳ ಕೊನೆಯ ಲೆಕ್ಕ ಮುಗಿಸುವಾಗ ಮಾತ್ರ ಎಲ್ಲರೂ ಒಂದೇ ವೇಳೆಯಲ್ಲಿ ಸಿಗಬೇಕಾಗುತ್ತದೆ. ಪ್ರಯೋಗಾಲಯದ ತಂತ್ರಜ್ಞರು ಮಾದರಿಗಳನ್ನು ಪರೀಕ್ಷಿಸಲು ಸ್ಥಳದಲ್ಲೇ ಇರಬೇಕು, ಆದರೆ ವರದಿ ಬರೆಯುವ ಕೆಲಸವನ್ನು ಒಟ್ಟುಗೂಡಿಸಿದರೆ ವಾರಕ್ಕೆ ಅರ್ಧ ದಿನ ಬಿಡುವು ಸಿಗಬಹುದು. ಆಸ್ಪತ್ರೆಯ ವಾರ್ಡಿನಲ್ಲಿ, ಕಾರ್ಖಾನೆಯ ಯಂತ್ರದ ಮುಂದೆ, ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರಿಗೆ ಸ್ಥಳದ ಹೊಂದಾಣಿಕೆ ಇಲ್ಲವೇ ಇಲ್ಲ. ಅವರಿಗೆ ಕೊಡಬಹುದಾದದ್ದು ವೇಳೆಯ ಹೊಂದಾಣಿಕೆ. ಇವರನ್ನು ಮರೆತು ಮೇಜಿನ ಕೆಲಸದವರಿಗೆ ಮಾತ್ರ ಸವಲತ್ತು ಕೊಡುವ ಸಂಸ್ಥೆಯಲ್ಲಿ ಹೊಸ ಬಗೆಯ ಮೇಲುಕೀಳು ಹುಟ್ಟುತ್ತದೆ.

ಮೂರನೆಯ ಹಂತ: ಸೂಕ್ತ ಮಾದರಿಯನ್ನು ಆರಿಸುವುದು

ಹಳೆಯದೂ ಅಗ್ಗವಾದುದೂ ಆದ ಮಾದರಿ ಫ್ಲೆಕ್ಸಿ ಟೈಮ್. 1967ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಒಟ್ಟೋಬ್ರನ್‌ನಲ್ಲಿದ್ದ ವಿಮಾನ ತಯಾರಿಕಾ ಸಂಸ್ಥೆಯೊಂದು ಇದನ್ನು ಜಾರಿಗೆ ತಂದದ್ದಕ್ಕೆ ಒಂದು ಕಾರಣ, ಎಲ್ಲರೂ ಒಂದೇ ಹೊತ್ತಿಗೆ ಬರುವುದರಿಂದ ಉಂಟಾಗುತ್ತಿದ್ದ ವಾಹನ ದಟ್ಟಣೆ. ಎಲ್ಲರೂ ಹಾಜರಿರಬೇಕಾದ ನಡುವಿನ ಕೆಲವು ಗಂಟೆಗಳನ್ನು, ಉದಾಹರಣೆಗೆ 11ರಿಂದ 4ರವರೆಗೆ, ನಿಗದಿಪಡಿಸಿ, ಅದರ ಮುಂಚಿನ ಮತ್ತು ನಂತರದ ವೇಳೆಯನ್ನು ನೌಕರರ ಆಯ್ಕೆಗೆ ಬಿಡುವುದೇ ಇದರ ತಿರುಳು. ಹಣ ಖರ್ಚಿಲ್ಲದ, ತಂತ್ರಜ್ಞಾನ ಬೇಡದ ಈ ಕ್ರಮವನ್ನು ಬಿಟ್ಟು ನೇರವಾಗಿ ದೊಡ್ಡ ಬದಲಾವಣೆಗಳಿಗೆ ಕೈಹಾಕುವುದು ನನಗೆ ಅರ್ಥವಾಗದ ಸಂಗತಿ.

ಎರಡನೆಯದು ಹೈಬ್ರಿಡ್, ಅಂದರೆ ಕೆಲವು ದಿನ ಕಚೇರಿ, ಕೆಲವು ದಿನ ಮನೆ. ನೌಕರರನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಬಲವಾದ ಪುರಾವೆ ಇರುವುದು ಇದಕ್ಕೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಹೋದ್ಯೋಗಿಗಳು ಚೀನಾದ ಪ್ರವಾಸ ಸೇವಾ ಸಂಸ್ಥೆ ಟ್ರಿಪ್ ಡಾಟ್ ಕಾಮ್‌ನ 1,612 ನೌಕರರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದ ದಿನಾಂಕ ಸಮವೋ ಬೆಸವೋ ಎಂಬುದರ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಟ್ಟಾಗ, ಆ ಗುಂಪಿನಲ್ಲಿ ರಾಜೀನಾಮೆಗಳು ಮೂರನೆಯ ಒಂದರಷ್ಟು ಕಡಿಮೆಯಾದವು. ಕೆಲಸದ ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ಮುಂದಿನ ಎರಡು ವರ್ಷ ಹಿನ್ನಡೆ ಕಾಣಲಿಲ್ಲ. ಹೆಚ್ಚು ಲಾಭ ಕಂಡದ್ದು ಮಹಿಳೆಯರಲ್ಲಿ, ದೂರದಿಂದ ಓಡಾಡುವವರಲ್ಲಿ ಮತ್ತು ಮ್ಯಾನೇಜರ್ ಅಲ್ಲದ ನೌಕರರಲ್ಲಿ. ಮೊದಲ ಹಂತದಲ್ಲಿ ದೂರ ಮತ್ತು ಟೀಮಿನ ಪ್ರಕಾರ ಅಂಕಿಗಳನ್ನು ಬಿಡಿಸಲು ಹೇಳಿದ್ದು ಇದಕ್ಕಾಗಿಯೇ.

ಪೂರ್ಣಾವಧಿ ಮನೆಯಿಂದ ಕೆಲಸದ ಕಥೆ ಇಷ್ಟು ಸರಳವಲ್ಲ. ಇದೇ ಸಂಸ್ಥೆ ಸಿಟ್ರಿಪ್ ಎಂಬ ಹೆಸರಿನಲ್ಲಿದ್ದಾಗ, 2010ರ ಕೊನೆಯಲ್ಲಿ ಆರಂಭಿಸಿ ಒಂಬತ್ತು ತಿಂಗಳು, ಕಾಲ್ ಸೆಂಟರ್ ನೌಕರರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿಸಿ ನೋಡಿತ್ತು. ಕೆಲಸದ ಪ್ರಮಾಣ ಶೇ 13ರಷ್ಟು ಏರಿತು, ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದರೂ ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಒಂಟಿತನದಂಥ ಕಾರಣಗಳಿಗಾಗಿ ಕಚೇರಿಗೆ ಮರಳಿದರು. ಒಂದೇ ಮಾದರಿಯನ್ನು ಎಲ್ಲರ ಮೇಲೆ ಹೇರದೆ ಆಯ್ಕೆಯನ್ನೂ, ಆಯ್ಕೆ ಬದಲಿಸುವ ದಾರಿಯನ್ನೂ ಇಟ್ಟಿರಬೇಕೆಂಬುದು ಇದರಿಂದ ಕಲಿಯಬೇಕಾದದ್ದು.

ನಾಲ್ಕು ದಿನದ ವಾರ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಇವೆರಡನ್ನೂ ಕಲಸಿಕೊಳ್ಳಬಾರದು. ಒಂದು, 40 ಗಂಟೆಗಳನ್ನೇ ನಾಲ್ಕು ದಿನಕ್ಕೆ ಒತ್ತಿ ದಿನಕ್ಕೆ 10 ಗಂಟೆ ದುಡಿಯುವುದು. ವಾರಕ್ಕೆ 48 ಗಂಟೆ ಇರುವೆಡೆ ಇದು 12 ಗಂಟೆಯಾಗುತ್ತದೆ, ದೈಹಿಕ ಶ್ರಮದ ಕೆಲಸಕ್ಕೂ ಚಿಕ್ಕ ಮಕ್ಕಳಿರುವವರಿಗೂ ಇದು ಉಪಕಾರಕ್ಕಿಂತ ಅಪಕಾರ. ಇನ್ನೊಂದು, ಸಂಬಳ ಇಳಿಸದೆ ಗಂಟೆಗಳನ್ನೇ ಕಡಿಮೆ ಮಾಡುವುದು. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳ ಸುಮಾರು 2,900 ನೌಕರರು ಆರು ತಿಂಗಳು ಪರೀಕ್ಷಿಸಿದ್ದು ಈ ಎರಡನೆಯದನ್ನು. ಆ ಅವಧಿಯಲ್ಲಿ ಬಿಟ್ಟುಹೋದವರ ಸಂಖ್ಯೆ ಶೇ 57ರಷ್ಟು ಇಳಿಯಿತು. ಸೇರಿದ್ದ ಸಂಸ್ಥೆಗಳೆಲ್ಲ ತಾವಾಗಿಯೇ ಮುಂದೆ ಬಂದವು ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಯನ್ನು ಓದಬೇಕು.

ಶಿಫ್ಟ್ ಕೆಲಸದವರಿಗೆ ಬೇಕಾದದ್ದು ಬಹುತೇಕ ಸ್ವಾತಂತ್ರ್ಯಕ್ಕಿಂತ ನಿಶ್ಚಿತತೆ. ನಾಳೆ ಯಾವ ಶಿಫ್ಟ್ ಎಂದು ಇಂದು ರಾತ್ರಿ ತಿಳಿಯುವವರು ಮಕ್ಕಳ ಶಾಲೆ, ವೃದ್ಧರ ಔಷಧೋಪಚಾರ, ತಮ್ಮ ನಿದ್ರೆ ಯಾವುದನ್ನೂ ಯೋಜಿಸಿಕೊಳ್ಳಲಾರರು. ಅಮೆರಿಕದ ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ 2015–16ರಲ್ಲಿ ನಡೆದ ಪ್ರಯೋಗದಲ್ಲಿ, ಶಿಫ್ಟುಗಳ ಆರಂಭ ಮತ್ತು ಅಂತ್ಯದ ವೇಳೆಯನ್ನು ಸ್ಥಿರಗೊಳಿಸಿ, ಮ್ಯಾನೇಜರರನ್ನು ಕೇಳದೆಯೇ ಮೊಬೈಲ್ ಮೂಲಕ ಶಿಫ್ಟ್ ಅದಲುಬದಲು ಮಾಡಿಕೊಳ್ಳಲು ಬಿಟ್ಟ ಮಳಿಗೆಗಳಲ್ಲಿ ಮಾರಾಟವೇ ಸುಮಾರು ಶೇ 7ರಷ್ಟು ಹೆಚ್ಚಿತು. ರೋಸ್ಟರನ್ನು ಕನಿಷ್ಠ ಎರಡು ವಾರ ಮುಂಚೆ ಪ್ರಕಟಿಸುವುದು, ಒಂದೇ ಕೌಶಲದ ಇಬ್ಬರು ಪರಸ್ಪರ ಒಪ್ಪಿದರೆ ಅದಲುಬದಲಿಗೆ ತಡೆ ಇಲ್ಲದಿರುವುದು, ರಾತ್ರಿ ಶಿಫ್ಟ್ ಮುಗಿದ ಬೆನ್ನಿಗೇ ಬೆಳಗಿನ ಶಿಫ್ಟ್ ಹಾಕದಿರುವುದು, ಈ ಮೂರು ನಿಯಮಗಳಿಂದ ಆರಂಭಿಸಬಹುದು.

ಅರೆಕಾಲಿಕ ಕೆಲಸ ಮತ್ತು ಒಂದೇ ಹುದ್ದೆಯನ್ನು ಇಬ್ಬರು ಹಂಚಿಕೊಳ್ಳುವ ಕ್ರಮವೂ ಇವೆ. ಹಂಚಿಕೊಂಡ ಹುದ್ದೆಯಲ್ಲಿ ಒಬ್ಬರಿಂದ ಒಬ್ಬರಿಗೆ ಕೆಲಸ ಒಪ್ಪಿಸಲು ವಾರಕ್ಕೆ ಒಂದೆರಡು ಗಂಟೆ ಇಬ್ಬರೂ ಒಟ್ಟಿಗಿರುವಂತೆ ನೋಡಿಕೊಂಡರೆ ಸಾಕು.

ನಾಲ್ಕನೆಯ ಹಂತ: ನಿಯಮವನ್ನು ಬರೆಯುವುದು

ಬರೆಯದ ಹೊಂದಾಣಿಕೆ ಮ್ಯಾನೇಜರ್ ಬದಲಾದ ದಿನವೇ ಸಾಯುತ್ತದೆ. ಅದನ್ನು ನಂಬಿ ಮನೆ ಬದಲಿಸಿದವರು, ಮಗುವನ್ನು ನಿರ್ದಿಷ್ಟ ಶಾಲೆಗೆ ಸೇರಿಸಿದವರು ಇದ್ದಕ್ಕಿದ್ದಂತೆ ಬೀದಿಗೆ ಬಿದ್ದಂತಾಗುತ್ತಾರೆ. ಮಾತಿನ ಮೇಲೆ ನಿಂತ ಸೌಲಭ್ಯದ ಮೇಲೆ ಯಾರೂ ಬದುಕು ಕಟ್ಟಲಾರರು. ಬದುಕು ಕಟ್ಟಲಾಗದ ಸೌಲಭ್ಯಕ್ಕಾಗಿ ಯಾರೂ ಬೇರೆ ಕಡೆಯ ಹೆಚ್ಚಿನ ಸಂಬಳವನ್ನು ಬಿಟ್ಟುಕೊಡುವುದಿಲ್ಲ.

ನಿಯಮ ಎರಡು ಪುಟ ಮೀರಬೇಕಿಲ್ಲ. ಯಾವ ಕೆಲಸಗಳಿಗೆ ಯಾವ ಮಾದರಿ ಅನ್ವಯ, ಎಲ್ಲರೂ ಸಿಗಬೇಕಾದ ಗಂಟೆಗಳು ಯಾವುವು, ಅರ್ಜಿ ಯಾರಿಗೆ, ಎಷ್ಟು ದಿನದೊಳಗೆ ಉತ್ತರ, ನಿರಾಕರಿಸಬಹುದಾದ ಕಾರಣಗಳು ಯಾವುವು, ಮೇಲ್ಮನವಿ ಯಾರಿಗೆ, ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಖರ್ಚು ಯಾರದು, ಗ್ರಾಹಕರ ಮಾಹಿತಿಯನ್ನು ಮನೆಯಲ್ಲಿ ಹೇಗೆ ಕಾಯಬೇಕು, ಏರ್ಪಾಡನ್ನು ಹಿಂಪಡೆಯಲು ಎಷ್ಟು ದಿನದ ನೋಟಿಸ್ ಎಂಬುವು ಅದರಲ್ಲಿರಬೇಕು. ಅರ್ಜಿಯಲ್ಲಿ ನೌಕರರು ತಮ್ಮ ಮನೆಯ ಕಷ್ಟವನ್ನು ವಿವರಿಸಬೇಕೆಂಬ ಷರತ್ತು ಬೇಡ. ಕಾರಣಗಳನ್ನು ತೂಗಲು ಹೊರಟರೆ ಮಗುವಿನ ಕಾರಣ ದೊಡ್ಡದೋ, ತಂದೆಯ ಕಾಯಿಲೆ ದೊಡ್ಡದೋ, ಸಂಜೆ ಕಾಲೇಜು ದೊಡ್ಡದೋ ಎಂಬ ಪಂಚಾಯಿತಿಗೆ ಮ್ಯಾನೇಜರ್ ಕೂರಬೇಕಾಗುತ್ತದೆ. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನಷ್ಟೇ ಕೇಳಬೇಕು.

ಉದಾಹರಣೆಗೆ ಒಂದು ಷರತ್ತನ್ನು ಹೀಗೆ ಬರೆಯಬಹುದು: "ಅರ್ಜಿ ತಲುಪಿದ 21 ದಿನಗಳೊಳಗೆ ಲಿಖಿತ ಉತ್ತರ ನೀಡಲಾಗುವುದು. ನಿರಾಕರಿಸುವ ಮೊದಲು ಅರ್ಜಿದಾರರೊಡನೆ ಚರ್ಚಿಸಿ, ಸಾಧ್ಯವಿರುವ ಪರ್ಯಾಯವೊಂದನ್ನಾದರೂ ಪರಿಶೀಲಿಸಲಾಗುವುದು. ಒಪ್ಪಿದ ಏರ್ಪಾಡು ಮೊದಲ 90 ದಿನ ಪ್ರಾಯೋಗಿಕವಾಗಿರುತ್ತದೆ. ನಂತರ ಅದನ್ನು ಬದಲಿಸಲು ಎರಡೂ ಕಡೆಯವರು 60 ದಿನಗಳ ನೋಟಿಸ್ ನೀಡಬೇಕು." ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇಂಥ ಅರ್ಜಿ ಸಲ್ಲಿಸುವ ಹಕ್ಕಿದ್ದು, ಸಂಸ್ಥೆ ಎರಡು ತಿಂಗಳೊಳಗೆ ನಿರ್ಧಾರ ತಿಳಿಸಬೇಕಾಗುತ್ತದೆ. ಪ್ರತಿ ದೇಶದ ಕೆಲಸದ ಗಂಟೆ, ಓವರ್‌ಟೈಮ್ ಮತ್ತು ಅಪಘಾತ ಪರಿಹಾರದ ಕಾನೂನು ಬೇರೆ ಬೇರೆ ಆಗಿರುವುದರಿಂದ ಕರಡನ್ನು ಕಾರ್ಮಿಕ ಕಾನೂನು ಬಲ್ಲವರಿಗೆ ತೋರಿಸಿಯೇ ಸಹಿ ಹಾಕಬೇಕು.

ಐದನೆಯ ಹಂತ: ಸಣ್ಣದಾಗಿ ಪರೀಕ್ಷಿಸುವುದು

ಮೂರು ತಿಂಗಳು, ಎರಡು ಮೂರು ಟೀಮ್‌ಗಳು ಸಾಕು. ಆದರೆ ಅತ್ಯಂತ ಶಿಸ್ತಿನ, ಮ್ಯಾನೇಜರಿಗೆ ಅಚ್ಚುಮೆಚ್ಚಿನ ಹತ್ತು ಜನರನ್ನು ಆರಿಸಿ ಪರೀಕ್ಷಿಸಿದರೆ ಅದರಿಂದ ಏನೂ ತಿಳಿಯದು. ಅವರು ಎಲ್ಲಿ ಕೂತರೂ ಕೆಲಸ ಮಾಡುತ್ತಾರೆ. ಇಡೀ ಟೀಮನ್ನೇ ಸೇರಿಸಬೇಕು, ಅದೇ ಬಗೆಯ ಇನ್ನೊಂದು ಟೀಮನ್ನು ಹಳೆಯ ಕ್ರಮದಲ್ಲೇ ಇಟ್ಟು ಹೋಲಿಸಬೇಕು. ಆರಂಭಿಸುವ ಮೊದಲೇ ಹಿಂದಿನ ಮೂರು ತಿಂಗಳ ಅಂಕಿಗಳನ್ನು ಬರೆದಿಡಬೇಕು: ಮುಗಿದ ಕೆಲಸ, ತಪ್ಪುಗಳು, ಗ್ರಾಹಕರಿಗೆ ಉತ್ತರಿಸಲು ಹಿಡಿದ ಸಮಯ, ಅನಾರೋಗ್ಯದ ರಜೆ. ರಾಜೀನಾಮೆಗಳ ಸಂಖ್ಯೆ ಮೂರು ತಿಂಗಳಲ್ಲಿ ಏನನ್ನೂ ಹೇಳುವಷ್ಟು ದೊಡ್ಡದಾಗಿರುವುದಿಲ್ಲವಾದ್ದರಿಂದ, "ಮುಂದಿನ ಒಂದು ವರ್ಷ ಇಲ್ಲೇ ಇರುವ ಯೋಚನೆ ನಿಮಗಿದೆಯೇ" ಎಂಬ ಪ್ರಶ್ನೆಯನ್ನು ಹೆಸರಿಲ್ಲದ ಸಮೀಕ್ಷೆಯಲ್ಲಿ ಮೊದಲೂ ಕೊನೆಯಲ್ಲೂ ಕೇಳುವುದು ಉತ್ತಮ.

ಮೊದಲ ಮೂರು ನಾಲ್ಕು ವಾರ ಗೊಂದಲವಾಗುವುದು ಸಹಜ. ಆ ಗೊಂದಲವನ್ನು ಕಂಡು ಪ್ರಯೋಗವನ್ನೇ ನಿಲ್ಲಿಸಬಾರದು.

ಆರನೆಯ ಹಂತ: ಮ್ಯಾನೇಜರರನ್ನು ಸಿದ್ಧಪಡಿಸುವುದು

ಇಡೀ ವ್ಯವಸ್ಥೆ ಗೆಲ್ಲುವುದೂ ಸೋಲುವುದೂ ಇಲ್ಲಿ. ಕಣ್ಣೆದುರು ಕೂತವರನ್ನು ನೋಡಿ ಕೆಲಸ ನಡೆಯುತ್ತಿದೆ ಎಂದು ನೆಮ್ಮದಿಪಟ್ಟುಕೊಂಡು ಬಂದವರಿಗೆ, ಕಣ್ಮರೆಯಾದ ತಕ್ಷಣ ಅನುಮಾನ ಹುಟ್ಟುತ್ತದೆ. ಆಗ ಗಂಟೆಗೊಂದು ಮೆಸೇಜ್, ಕ್ಯಾಮೆರಾ ಹಾಕಿಟ್ಟುಕೊಳ್ಳಿ ಎಂಬ ಆದೇಶ, ಮೌಸ್ ಅಲುಗಾಟವನ್ನು ಅಳೆಯುವ ತಂತ್ರಾಂಶ ಒಂದೊಂದಾಗಿ ಬರುತ್ತವೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಇದು. ನೌಕರರು ಉಳಿಯಲೆಂದು ತಂದ ವ್ಯವಸ್ಥೆಯೇ ಅವರು ಹೊರಡಲು ಕಾರಣವಾಗುತ್ತದೆ.

ಇದಕ್ಕೆ ಮದ್ದು, ಕೆಲಸವನ್ನು ಒಪ್ಪಿಸುವ ಭಾಷೆಯನ್ನು ಬದಲಿಸುವುದು. "ಈ ವಾರ ಗ್ರಾಹಕರ ದೂರುಗಳನ್ನು ಸ್ವಲ್ಪ ನೋಡಿಕೊಳ್ಳಿ" ಎಂಬ ಮಾತು ಅಕ್ಕಪಕ್ಕ ಕೂತಿರುವಾಗ ಹೇಗೋ ನಡೆಯುತ್ತದೆ, ಏಕೆಂದರೆ ಉಳಿದ ವಿವರ ಓಡಾಟದಲ್ಲಿ ತಾನಾಗಿ ತಿಳಿಯುತ್ತದೆ. ದೂರದಲ್ಲಿದ್ದಾಗ, "ಬಾಕಿ ಇರುವ 40 ದೂರುಗಳಲ್ಲಿ ಹತ್ತು ದಿನ ಮೀರಿದವುಗಳಿಗೆ ಗುರುವಾರದೊಳಗೆ ಉತ್ತರ ಹೋಗಬೇಕು, ಹಣ ಮರಳಿಸಬೇಕಾದವನ್ನು ಮಾತ್ರ ನನಗೆ ಕಳುಹಿಸಿ" ಎಂದು ಬರೆಯಬೇಕಾಗುತ್ತದೆ. ಹೀಗೆ ಬರೆಯಲು ಮ್ಯಾನೇಜರ್ ಮೊದಲು ಯೋಚಿಸಬೇಕು, ಅದು ಶ್ರಮದ ಕೆಲಸ. ಆ ಶ್ರಮದ ಬದಲು ಮೀಟಿಂಗುಗಳಿಂದ ಕೆಲಸ ಸಾಗಿಸಲು ಹೊರಟವರು ಎಲ್ಲರ ದಿನವನ್ನೂ ಕೆಡಿಸುತ್ತಾರೆ.

ಮ್ಯಾನೇಜರರ ಅನುಮಾನವನ್ನು ವಾದದಿಂದ ಗೆಲ್ಲಲಾಗದು, ಅನುಭವದಿಂದ ಗೆಲ್ಲಬಹುದು. ಟ್ರಿಪ್ ಡಾಟ್ ಕಾಮ್‌ನ ಪ್ರಯೋಗಕ್ಕೆ ಮುನ್ನ ಅಲ್ಲಿನ ಮ್ಯಾನೇಜರರು ಹೈಬ್ರಿಡ್‌ನಿಂದ ಉತ್ಪಾದಕತೆ ಸರಾಸರಿ ಶೇ 2.6ರಷ್ಟು ಇಳಿಯುತ್ತದೆ ಎಂದು ಅಂದಾಜಿಸಿದ್ದರು. ಮುಗಿದ ಬಳಿಕ ಅವರೇ ಶೇ 1ರಷ್ಟು ಏರುತ್ತದೆ ಎಂದರು.

ಏಳನೆಯ ಹಂತ: ಕಣ್ಮರೆಯಾದವರು ಬಡ್ತಿಯಿಂದಲೂ ಮರೆಯಾಗದಂತೆ ನೋಡಿಕೊಳ್ಳುವುದು

ಸಿಟ್ರಿಪ್‌ನ ಮೊದಲ ಪ್ರಯೋಗದಲ್ಲಿ ಗಮನಕ್ಕೆ ಬಾರದೆ ಹೋಗುವ ಒಂದು ಅಂಶವಿದೆ: ಮನೆಯಿಂದ ಕೆಲಸ ಮಾಡಿದವರು ಹೆಚ್ಚು ಕೆಲಸ ಮಾಡಿದರೂ, ಅಷ್ಟೇ ಸಾಧನೆ ಮಾಡಿ ಕಚೇರಿಯಲ್ಲಿದ್ದವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಿತ್ತು. ಹೊಂದಾಣಿಕೆಯಿಂದ ಇಂದು ಉಳಿದವರು ಎರಡು ವರ್ಷದ ಬಳಿಕ ಬಡ್ತಿ ಸಿಗದೆ ಹೊರಟರೆ, ಸಂಸ್ಥೆ ರಾಜೀನಾಮೆಯನ್ನು ಮುಂದೂಡಿದಂತಾಯಿತೇ ಹೊರತು ತಪ್ಪಿಸಿದಂತಾಗಲಿಲ್ಲ.

ಆದ್ದರಿಂದ ಪ್ರತಿ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಮುಗಿದ ಮೇಲೆ, ಅಂತಿಮಗೊಳಿಸುವ ಮೊದಲು, ಎಚ್‌ಆರ್ ವಿಭಾಗ ಒಂದು ಸರಳ ಪಟ್ಟಿ ಮಾಡಲಿ: ಪೂರ್ತಿ ಕಚೇರಿಯವರು, ಹೈಬ್ರಿಡ್‌ನವರು, ಅರೆಕಾಲಿಕರು ಇವರಲ್ಲಿ ಉನ್ನತ ಶ್ರೇಣಿ ಎಷ್ಟು ಮಂದಿಗೆ ಸಿಕ್ಕಿತು, ಸಂಬಳ ಏರಿಕೆ ಸರಾಸರಿ ಎಷ್ಟು, ಬಡ್ತಿಗೆ ಯಾರ ಹೆಸರು ಬಂತು. ಅಂತರ ಕಂಡರೆ ಮ್ಯಾನೇಜರ್ ಅದಕ್ಕೆ ಕೆಲಸದ ದಾಖಲೆಯಿಂದ ಕಾರಣ ಕೊಡಬೇಕು. ಹೊಸದಾಗಿ ಸೇರಿದವರ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬಿಗಿಯ ಪಕ್ಷಪಾತಿ. ಕೆಲಸ ಕಲಿಯುವುದು ಬಹುಪಾಲು ಪಕ್ಕದವರನ್ನು ನೋಡಿಯೇ ಆದ್ದರಿಂದ ಮೊದಲ ಎರಡು ಮೂರು ತಿಂಗಳು ಅವರೂ, ಅವರಿಗೆ ಕಲಿಸುವ ಹಿರಿಯರೂ ಒಂದೇ ದಿನಗಳಲ್ಲಿ ಕಚೇರಿಗೆ ಬರುವಂತೆ ಮಾಡುವುದು ಒಳಿತು.

ಎಂಟನೆಯ ಹಂತ: ಕೆಲಸಕ್ಕೆ ಕೊನೆಯ ಗಂಟೆ ಇಡುವುದು

ಎಲ್ಲಿಂದ ಬೇಕಾದರೂ ಕೆಲಸ ಎಂಬುದು ಯಾವಾಗ ಬೇಕಾದರೂ ಕೆಲಸ ಎಂದಾಗಲು ಹೆಚ್ಚು ಕಾಲ ಬೇಕಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ಫ್ರಾನ್ಸ್ 2017ರ ಜನವರಿ 1ರಿಂದಲೇ ಕಾನೂನು ಜಾರಿಗೆ ತಂದಿದೆ. ಕಾನೂನು ಇಲ್ಲದ ಕಡೆಯೂ ಸಂಸ್ಥೆ ಇಂತಿಷ್ಟು ಗಂಟೆಯ ನಂತರ ಬಂದ ಸಂದೇಶಕ್ಕೆ ಮರುದಿನ ಉತ್ತರಿಸಿದರೆ ಸಾಕು ಎಂದು ಬರೆಯಬಹುದು. ಆದರೆ ಹಿರಿಯ ಅಧಿಕಾರಿಯೇ ರಾತ್ರಿ ಹನ್ನೊಂದಕ್ಕೆ ಈಮೇಲ್ ಕಳುಹಿಸಿದರೆ ಬರೆದ ನಿಯಮಕ್ಕೆ ಬೆಲೆ ಇರುವುದಿಲ್ಲ. ಬೆಳಿಗ್ಗೆ ಹೋಗುವಂತೆ ಈಮೇಲಿಗೆ ವೇಳೆ ನಿಗದಿಪಡಿಸುವ ಸೌಲಭ್ಯವನ್ನು ಬಳಸಲು ಮೊದಲು ಕಲಿಯಬೇಕಾದವರು ಅವರೇ.

ಒಂಬತ್ತನೆಯ ಹಂತ: ನಿರಾಕರಿಸುವುದು, ಹಿಂಪಡೆಯುವುದು ಮತ್ತು ದಾಖಲೆ ಇಡುವುದು

ಎಲ್ಲ ಅರ್ಜಿಗಳಿಗೂ ಹೌದು ಎನ್ನಲಾಗದು. ಹೇಗೆ ಇಲ್ಲ ಎನ್ನುತ್ತೇವೆ ಎಂಬುದರ ಮೇಲೆ ಆ ನೌಕರರು ಉಳಿಯುವುದು ನಿಂತಿದೆ. "ಸದ್ಯಕ್ಕೆ ಆಗುವುದಿಲ್ಲ" ಎಂಬುದು ಉತ್ತರವಲ್ಲ. "ಶುಕ್ರವಾರ ಈ ಕೌಂಟರಿನಲ್ಲಿ ಗ್ರಾಹಕರು ಹೆಚ್ಚು, ನಿಮ್ಮ ಜೊತೆ ಈ ಕೆಲಸ ಬಲ್ಲವರು ಇನ್ನೊಬ್ಬರೇ ಇದ್ದಾರೆ, ಮಂಗಳವಾರವಾದರೆ ಈ ತಿಂಗಳೇ ಕೊಡಬಹುದು, ಮೂರನೆಯವರ ತರಬೇತಿ ಮುಗಿದ ಮೇಲೆ ಶುಕ್ರವಾರವನ್ನು ಮತ್ತೆ ಪರಿಶೀಲಿಸೋಣ" ಎಂಬುದು ಉತ್ತರ. ಕೊಟ್ಟದ್ದನ್ನು ಹಿಂಪಡೆಯುವಾಗಲೂ ಇದೇ ಕ್ರಮ. ಒಬ್ಬರ ದುರುಪಯೋಗಕ್ಕಾಗಿ ಇಡೀ ಟೀಮಿನ ಸೌಲಭ್ಯವನ್ನು ಕಿತ್ತುಕೊಳ್ಳದೆ ಆ ಒಬ್ಬರೊಡನೆಯೇ ಮಾತನಾಡಬೇಕು.

ಕೊನೆಯದಾಗಿ, ಬಂದ ಅರ್ಜಿಗಳು, ಕೊಟ್ಟ ಉತ್ತರಗಳು ಮತ್ತು ನಿರಾಕರಣೆಯ ಕಾರಣಗಳನ್ನು ಒಂದೇ ಕಡೆ ದಾಖಲಿಸಿ, ಆರು ತಿಂಗಳಿಗೊಮ್ಮೆ ಅದನ್ನು ರಾಜೀನಾಮೆಗಳ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಅರ್ಜಿ ನಿರಾಕರಿಸಿದ ವರ್ಷದೊಳಗೆ ಹೋದವರೆಷ್ಟು, ಅವರ ಜಾಗಕ್ಕೆ ಬೇರೆಯವರನ್ನು ಹುಡುಕಲು ಆದ ಜಾಹೀರಾತಿನ ವೆಚ್ಚ, ಸಂದರ್ಶನಕ್ಕೆ ಕೂತವರ ಗಂಟೆಗಳು, ಖಾಲಿ ಇದ್ದ ವಾರಗಳಲ್ಲಿ ಉಳಿದವರಿಗೆ ಕೊಟ್ಟ ಓವರ್‌ಟೈಮ್, ಹೊಸಬರು ಕೆಲಸ ಹಿಡಿಯುವವರೆಗಿನ ಸಂಬಳ ಎಷ್ಟಾಯಿತು ಎಂಬುದನ್ನು ಅದೇ ಸಾಲಿನಲ್ಲಿ ಬರೆಯಬೇಕು. ಒಂದೇ ವಿಭಾಗದಿಂದ ಅರ್ಜಿಯೇ ಬಾರದಿದ್ದರೆ ಅಲ್ಲಿ ಎಲ್ಲರೂ ತೃಪ್ತರಾಗಿದ್ದಾರೆ ಎಂದು ತಿಳಿಯದೆ, ಮೊದಲ ಹಂತದ ಮೂರು ಪ್ರಶ್ನೆಗಳೊಂದಿಗೆ ಆ ವಿಭಾಗದವರನ್ನು ಒಬ್ಬೊಬ್ಬರಾಗಿ ಮತ್ತೆ ಮಾತನಾಡಿಸಬೇಕು.